ಪುಂಡಿಪಲ್ಯಕ್ಕೆ ಬೆಲ್ಲ ಹಾಕಿದ ಪುಣ್ಯಾತ್ಮರಿಗೆ

ನಿನ್ನೆ ಮಧ್ಯಾಹ್ನ ರಾಯಚೂರಿನ ಹೊಸ ಹೋಟೆಲೊಂದರಲ್ಲಿ 300 ರೂಪಾಯಿಯ ‘ಉತ್ತರ ಕರ್ನಾಟಕ ಸ್ಪೆಷಲ್ ಊಟ’ದ ಮುಂದೆ ಕುಳಿತು ನಾನು ಪಟ್ಟ ಸಂಕಟವನ್ನು ಬರೆದು ಹಗುರಾಗದಿದ್ದರೆ ಇವತ್ತೂ ನಿದ್ದೆ ಬರುವ ಲಕ್ಷಣವಿಲ್ಲ. ಮೈಸೂರಿನಿಂದ ಬಂದಿರುವ ಭಾವಮೈದುನನಿಗೆ ನಮ್ಮ ಸೀಮೆಯ ಊಟ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ನಾನೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ರೊಟ್ಟಿ ಬಿಸಿಯಾಗಿತ್ತು, ಶೇಂಗಾ ಚಟ್ನಿಯ ಖಾರ ಹದವಾಗಿತ್ತು, ಗುರೆಳ್ಳು ಪುಡಿಯ ಮೇಲೆ ಗಟ್ಟಿ ಮೊಸರನ್ನೂ ಹಾಕಿದ್ದರು. ಆದರೆ ಸಣ್ಣ ಸ್ಟೀಲ್ ಬಟ್ಟಲಿನಲ್ಲಿ, ಮೇಲೆ ಹುರಿದ ಗೋಡಂಬಿಯನ್ನು ಇಟ್ಟುಕೊಂಡು ಮದುವಣಗಿತ್ತಿಯಂತೆ ಹೊಳೆಯುತ್ತ ಕುಳಿತಿದ್ದ, ಹುಳಿಸೊಪ್ಪಿನ ಪುಂಡಿಪಲ್ಯವನ್ನು ರೊಟ್ಟಿಯ ಚೂರಿನಲ್ಲಿ ತೆಗೆದು ಬಾಯಿಗಿಟ್ಟುಕೊಂಡರೆ, ಅದು ಸಿಹಿ! ನಾನು ಮುಖ ಕಿವಿಚಿಕೊಳ್ಳುವಷ್ಟರಲ್ಲಿ ಭಾವಮೈದುನ, ‘ಭಾವ, ತುಂಬಾ ಚೆನ್ನಾಗಿದೆ, ನಮ್ಮನೆ ಗೊಜ್ಜಿನ ಥರಾನೇ ಇದೆ’ ಎಂದು ಎರಡನೆಯ ಸಲ ಹಾಕಿಸಿಕೊಂಡ. ಪುಂಡಿಪಲ್ಯಕ್ಕೆ ಇದಕ್ಕಿಂತ ದೊಡ್ಡ ಅವಮಾನವನ್ನು ಯಾರೂ ಬೇಕೆಂದೇ ಮಾಡಲಾರರು.

ಬಡಿಸುವ ಹುಡುಗನನ್ನು ಕರೆದು, ‘ಇದಕ್ಕ ಬೆಲ್ಲ ಹಾಕ್ಯಾರೇನಪಾ?’ ಎಂದು ಕೇಳಿದೆ. ‘ಹೌದ್ರಿ ಸರ್, ಸ್ವಲ್ಪ ಹಾಕ್ತಾರ. ಹೊರಗಿನೋರು ಭಾಳ ಬರ್ತಾರ, ಹುಳಿ ಆತು ಅಂತಾರ್ರಿ’ ಎಂದ. ‘ಊರಿನೋರು ಏನಂತಾರ?’ ಎಂದು ಕೆಣಕಿದೆ. ಅವನು ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿ, ‘ಊರಿನೋರು ಹೋಟೆಲಿಗೆ ಬಂದು ಪುಂಡಿಪಲ್ಯ ಯಾಕ ತಿಂತಾರ್ರಿ ಸರ್, ಅವರು ಗೋಬಿ ಮಂಚೂರಿ ಹೇಳ್ತಾರ’ ಎಂದು ಹೊರಟುಹೋದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೂ ಪುಂಡಿಪಲ್ಯಕ್ಕೆ ಬೆಲ್ಲ ಹಾಕಬಾರದು.

ಪುಂಡಿಯೆಂದರೆ ಪಕ್ಕದ ತೆಲುಗರು ಗೋಂಗೂರ ಎಂದು ಕರೆದು ಉಪ್ಪಿನಕಾಯಿ ಹಾಕುವ ಅದೇ ಹುಳಿಸೊಪ್ಪು. ಹೊಲದ ಅಂಚಿನಲ್ಲಿ ನಾಲ್ಕು ಸಾಲು ಬಿತ್ತಿದರೆ ಎಲೆ ಪಲ್ಯಕ್ಕೆ ಬರುತ್ತಿತ್ತು, ಬಲಿತ ದಂಟನ್ನು ನೀರಿನಲ್ಲಿ ಕೊಳೆಹಾಕಿ ತೆಗೆದ ನಾರು ಹಗ್ಗಕ್ಕೆ ಬರುತ್ತಿತ್ತು. ಅಷ್ಟು ಗಟ್ಟಿ ಜೀವದ ಗಿಡ ಅದು. ನಮ್ಮ ಅವ್ವ ಎಲೆಯನ್ನು ಬೇಯಿಸಿ, ಅದಕ್ಕೆ ನೆನೆಸಿದ ತೊಗರಿಬೇಳೆಯನ್ನೂ ಜೋಳದ ನುಚ್ಚನ್ನೂ ಹಾಕಿ, ಹಸಿಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯನ್ನು ಕುಟ್ಟಿ ಸೇರಿಸಿ, ಎಲ್ಲವೂ ಒಂದಾಗುವಂತೆ ಮಸೆದು, ಕೊನೆಯಲ್ಲಿ ಶೇಂಗಾ ಎಣ್ಣೆಯ ಒಗ್ಗರಣೆ ಕೊಡುತ್ತಿದ್ದಳು. ಎಲೆ ತೀರಾ ಹುಳಿಯಾಗಿದ್ದರೆ ಬೇಯಿಸಿದ ನೀರನ್ನು ಬಸಿದು ಚೆಲ್ಲುತ್ತಿದ್ದಳು, ಇಲ್ಲವೇ ಇನ್ನೊಂದು ಹಿಡಿ ನುಚ್ಚು ಹಾಕುತ್ತಿದ್ದಳು. ಹುಳಿಯನ್ನು ಹದಕ್ಕೆ ತರುವ ದಾರಿಗಳು ಆ ಅಡುಗೆಯ ಒಳಗೇ ಇರುವಾಗ ಬೆಲ್ಲದ ಡಬ್ಬಿಗೆ ಕೈಹಾಕುವವನು ಸೋಮಾರಿಯಾಗಿರಬೇಕು, ಇಲ್ಲವೇ ನುಚ್ಚಿಗೆ ಖರ್ಚು ಮಾಡಲು ಮನಸ್ಸಿಲ್ಲದವನಾಗಿರಬೇಕು. (1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತ ಮೇಲೆ ಕಾಲುವೆಯ ಕೆಳಗಿನ ಮಾನ್ವಿ, ಸಿಂಧನೂರು, ಗಂಗಾವತಿಯ ಕಡೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಹೀಗಾಗಿ ನಮ್ಮ ಮನೆಯಲ್ಲೂ ಈಗ ನುಚ್ಚನ್ನು ಅಂಗಡಿಯಿಂದಲೇ ತರುತ್ತೇವೆ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.)

ಈ ವಿಷಯವನ್ನು ರಾತ್ರಿ ಗೆಳೆಯನೊಬ್ಬನಿಗೆ ಫೋನಿನಲ್ಲಿ ಹೇಳಿದಾಗ ಅವನು ನನಗೇ ಇತಿಹಾಸದ ಪಾಠ ಶುರುಮಾಡಿದ. ನೀನು ಹೆಮ್ಮೆಪಡುವ ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡಗಳ ಕಡೆಯಿಂದ ಸಮುದ್ರ ದಾಟಿ ಬಂದವು, ಅವು ಬರಬಹುದಾದರೆ ಒಂದು ಚೂರು ಬೆಲ್ಲ ಏಕೆ ಬರಬಾರದು ಎಂಬುದು ಅವನ ವಾದ. ಕೇಳಲು ಚೆಂದವಾಗಿದೆ. ಆದರೆ ಮೆಣಸಿನಕಾಯಿ ಬಂದು ಹುಳಿಯ ಪಕ್ಕದಲ್ಲಿ ಕುಳಿತಿತೇ ಹೊರತು ಅದರ ಬಾಯಿ ಮುಚ್ಚಿಸಲಿಲ್ಲ. ಬೆಲ್ಲ ಮಾಡುವುದು ಅದೊಂದೇ ಕೆಲಸ. ಮೈಸೂರಿನವರು ತಮ್ಮ ಗೊಜ್ಜಿಗೂ ಹುಳಿಗೂ ಬೆಲ್ಲ ಹಾಕಿಕೊಳ್ಳುವುದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಹದಿನೆಂಟು ವರ್ಷಗಳಿಂದ ಆ ಮನೆತನದ ಮಗಳ ಕೈಯೂಟ ಉಣ್ಣುತ್ತಿರುವವನು ಹಾಗೆ ತಕರಾರು ತೆಗೆಯುವಂತೆಯೂ ಇಲ್ಲ. ನನ್ನ ಸಿಟ್ಟು ಗೊಜ್ಜಿನ ರುಚಿಯನ್ನು ಪುಂಡಿಪಲ್ಯದ ಹೆಸರಿನಲ್ಲಿ ಮಾರುವವರ ಮೇಲೆ ಮಾತ್ರ.

ಇಷ್ಟೆಲ್ಲ ಬರೆದ ಮೇಲೆ ಒಂದು ಸತ್ಯವನ್ನು ಹೇಳಿಬಿಡಬೇಕು, ಏಕೆಂದರೆ ನಾನು ಹೇಳದಿದ್ದರೆ ನನ್ನ ಅಕ್ಕ ಕೆಳಗೆ ಕಾಮೆಂಟಿನಲ್ಲಿ ಹೇಳಿಯೇ ಹೇಳುತ್ತಾಳೆ. ಹತ್ತನೆಯ ವಯಸ್ಸಿನವರೆಗೂ ಪುಂಡಿಪಲ್ಯವೆಂದರೆ ನನಗೆ ವಾಕರಿಕೆ ಬರುತ್ತಿತ್ತು. ಅದರ ಬಣ್ಣ ಸಗಣಿಯನ್ನು ನೆನಪಿಸುತ್ತಿತ್ತು, ಹುಳಿ ಹಲ್ಲನ್ನು ಜುಮ್ಮೆನಿಸುತ್ತಿತ್ತು. ತಾಟಿನಲ್ಲಿ ಉಳಿಸಿದರೆ ಏಟು ಬೀಳುತ್ತದೆಂದು ಪಲ್ಯವನ್ನು ರೊಟ್ಟಿಯ ಕೆಳಗೆ ಮುಚ್ಚಿಟ್ಟು, ಯಾರೂ ನೋಡದಾಗ ಎಮ್ಮೆಯ ಕಲಗಚ್ಚಿನ ಬಾನಿಗೆ ಹಾಕಿ ಬರುತ್ತಿದ್ದೆ. ಒಂದು ದಿನ ಅಜ್ಜಿ ಬಾನಿಯಲ್ಲಿ ತೇಲುತ್ತಿದ್ದ ಮೆಣಸಿನಕಾಯಿಯನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಹಿಡಿದಳು. ಆ ದಾರಿ ಮುಚ್ಚಿದ ಮೇಲೆ ನಾನು ಹುಡುಕಿಕೊಂಡ ಉಪಾಯವೇ ಬೆಲ್ಲ. ಚಡ್ಡಿಯ ಕಿಸೆಯಲ್ಲಿ ಒಂದು ಹೆಂಟೆ ಬೆಲ್ಲವನ್ನಿಟ್ಟುಕೊಂಡು ಊಟಕ್ಕೆ ಕುಳಿತು, ಪ್ರತಿ ತುತ್ತಿಗೂ ಬೆರಳಲ್ಲಿ ಅದನ್ನು ಕೆರೆದು ಪಲ್ಯಕ್ಕೆ ಕಲಸಿಕೊಳ್ಳುತ್ತಿದ್ದೆ. ಅವ್ವ ನೋಡಿದಳು, ಬೈಯಲಿಲ್ಲ; ‘ಹೊಟ್ಟಿಗೆ ಹೋದ್ರ ಸಾಕು ಬಿಡು’ ಎಂದಳು. ಮರುದಿನದಿಂದ ಬೆಲ್ಲದ ಡಬ್ಬಿ ಮಾತ್ರ ನನ್ನ ಕೈಗೆಟುಕದ ಗೂಡಿಗೆ ಹೋಯಿತು.

ಆಮೇಲೆ ಅದು ಸೇರಿದ್ದು ಹೇಗೆಂದರೆ, ಟೈಫಾಯ್ಡ್ ಆಗಿ ಹದಿನೈದು ದಿನ ಗಂಜಿ ಕುಡಿದು ಬಾಯಿ ಕೆಟ್ಟುಹೋಗಿದ್ದಾಗ, ಅವ್ವ ಹಿಂದಿನ ದಿನದ ತಂಗಳ ಪುಂಡಿಪಲ್ಯವನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿದ್ದಳು. ಅವತ್ತು ಬಾಯಿಗೆ ಮತ್ತೆ ಜೀವ ಬಂದದ್ದು ಆ ಹುಳಿಯಿಂದ. ಹೋಟೆಲಿನವರಿಗೆ ನಾನು ಹೇಳಬೇಕೆಂದಿರುವುದೂ ಇಷ್ಟೇ: ನಾಲಿಗೆಯನ್ನು ಎಬ್ಬಿಸಲಿಕ್ಕೆ ಇರುವ ಪಲ್ಯವನ್ನು ಜೋಗುಳ ಹಾಡಿ ಮಲಗಿಸಬೇಡಿ.

ಇವತ್ತು ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಎರಡು ಕಟ್ಟು ಪುಂಡಿ ತಂದಿದ್ದೇನೆ. ಭಾವಮೈದುನನ ಬಸ್ಸು ರಾತ್ರಿ ಇದೆ, ಅಷ್ಟರೊಳಗೆ ಅವನಿಗೆ ನಿಜವಾದದ್ದನ್ನು ಉಣಿಸಿಯೇ ಕಳಿಸುವುದು. ಎಲೆ ಬಿಡಿಸುತ್ತ ಕುಳಿತ ಅವನ ಅಕ್ಕ, ‘ಪಾಪ, ಅವನ ಪಾಲಿಗೆ ಮಾತ್ರ ಒಂದು ಚೂರು ಹಾಕಲಾ?’ ಎಂದು ಆಗಲೇ ಎರಡು ಸಲ ಕೇಳಿದ್ದಾಳೆ. ಡಬ್ಬಿಯನ್ನು ಎಲ್ಲಿ ಇಟ್ಟಿದ್ದೇನೆಂದು ನಾನು ಹೇಳಿಲ್ಲ.