ಯಗಚಿಯ ತವರುಮನೆ ಖರ್ಚು

ಸಖರಾಯಪಟ್ಟಣದ ರುಕ್ಮಾಂಗದರಾಯ ಕಿರಿಮಗಳಿಗೆ ಬಳುವಳಿಯಾಗಿ ಕೊಟ್ಟ ಊರೇ ಚಿಕ್ಕಮಗಳೂರು, ಹಿರಿಯವಳಿಗೆ ಕೊಟ್ಟದ್ದು ಹಿರೇಮಗಳೂರು ಅನ್ನುವ ಕತೆ ನಮ್ಮಲ್ಲಿ ಸ್ಕೂಲ್ ಮಕ್ಕಳಿಗೂ ಗೊತ್ತು. ಬಳುವಳಿಯನ್ನು ಮೂವತ್ತು–ನಲವತ್ತರ ಸೈಟು ಮಾಡಿ ಮಾರುವ ಜಾಣತನ ಆಗಿನ ಅಳಿಯಂದಿರಿಗೆ ಇರಲಿಲ್ಲ, ಪುಣ್ಯ.

ಈಗ ಕಿರಿಮಗಳ ಊರು ದಿನಕ್ಕೊಂದು ಬಡಾವಣೆ ಹೆರುತ್ತಿದೆ. ಅದಕ್ಕೊಂದು ಸುಸ್ಥಿರ ನಗರ ಯೋಜನೆ ಬೇಕಂತೆ. ಬರಲಿ. ಇಂಥ ಯೋಜನೆಗಳ ಪವರ್‌ಪಾಯಿಂಟಿನಲ್ಲಿ ಮರಗಳು ಬಲು ಸೊಗಸಾಗಿ ಬೆಳೆಯುತ್ತವೆ; ನೀರೂ ಬೇಡ, ಮಂಗನ ಕಾಟವೂ ಇಲ್ಲ.

ನನ್ನ ತಕರಾರು ನಿಜವಾದ ನೀರಿನದು. ಯಗಚಿ ನದಿ ಹುಟ್ಟುವುದು ನಮ್ಮದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ರಾಜ್ಯದಲ್ಲೇ ಎತ್ತರದ, 1,930 ಮೀಟರಿನ ಮುಳ್ಳಯ್ಯನಗಿರಿ ಇರುವುದೂ ಅಲ್ಲೇ. ಹುಟ್ಟಿದವಳು ನಮ್ಮ ಕಣ್ಣೆದುರೇ ಬೇಲೂರಿಗೆ ಇಳಿದು ಹೋಗುತ್ತಾಳೆ. ಅಲ್ಲಿ ಅಣೆಕಟ್ಟು ಕಟ್ಟಿ, ಮೋಟಾರು ಹಚ್ಚಿ, ಸುಮಾರು 25 ಕಿ.ಮೀ. ಏರು ಹತ್ತಿಸಿ ವಾಪಸ್ ಕರೆಸಿಕೊಳ್ಳುತ್ತೇವೆ. ಮಗಳನ್ನು ತವರಿಗೆ ಕರೆಸೋಣ, ಬೇಡ ಅಂದವರಾರು? ಆದರೆ ದಿನಾ ಬೆಳಗ್ಗೆ ಕರೆಂಟು ಬಿಲ್ಲು ಕಟ್ಟಿಯೇ? ಹಿರೇಕೊಳಲೆ ಕೆರೆಯೊಂದು ಪಕ್ಕದಲ್ಲೇ ಇದೆ, ಅದರ ನೀರನ್ನೂ ಕುಡಿಯುತ್ತೇವೆ, ಆದರೂ ಸಾಲದು. ಇದಕ್ಕಿಂತ ಊರನ್ನೇ ಬೇಲೂರಿನ ಕೆಳಗಿಳಿಸಿದರೆ ಖರ್ಚು ಕಮ್ಮಿ ಅನ್ನಿಸುತ್ತದೆ. ಯೋಜನೆಯಲ್ಲಿ ಒಂದು ಪುಟ ಇದಕ್ಕೂ ಇರಲಿ.

ಮೊನ್ನೆ ಸೈಟು ನೋಡಲು ಹೋಗಿದ್ದೆ. ಮಾರುವವನನ್ನು ಕೇಳಿದೆ.

"ಇಲ್ಲೊಂದು ರಾಜಕಾಲುವೆ ಇತ್ತಲ್ಲಪ್ಪ, ಏನಾಯ್ತು?"

"ಅದೇ ಸಾರ್ ಈ ನಲವತ್ತಡಿ ರಸ್ತೆ."

"ಮತ್ತೆ ಮಳೆ ನೀರು?"

"ಅದೂ ಇದೇ ದಾರೀಲಿ ಹೋಗುತ್ತೆ. ನಾವೇನು ತಡೆದಿಲ್ಲ ಸಾರ್."

ಎಂಥ ದೊಡ್ಡ ಮನಸ್ಸು! ಒಂದೇ ಜಾಗ, ಬೇಸಿಗೆಗೆ ರಸ್ತೆ, ಆಷಾಢಕ್ಕೆ ಹೊಳೆ. ಇದಕ್ಕಿಂತ ಸುಸ್ಥಿರತೆ ಯಾವ ವಿದೇಶಿ ಸಲಹೆಗಾರ ಹೇಳಿಕೊಟ್ಟಾನು? ಪಾರ್ಕು ಎಲ್ಲಿ ಅಂತಲೂ ಕೇಳಿದೆ. ಟ್ರಾನ್ಸ್‌ಫಾರ್ಮರ್ ತೋರಿಸಿದ. ಅದರ ಬುಡದಲ್ಲಿ ಹುಲ್ಲಿತ್ತು, ಸುಳ್ಳು ಹೇಳಬಾರದು.

ಬರುವಾಗ ಸಖರಾಯಪಟ್ಟಣದ ಅಯ್ಯನಕೆರೆ ನೆನಪಾಯಿತು. ಕಟ್ಟಿದವನು ಅದೇ ರುಕ್ಮಾಂಗದ ಅನ್ನುತ್ತಾರೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ ದುರಸ್ತಿಯಾದ ಕೆರೆ, ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ. ಆ ಕೆಲಸದವರನ್ನೇ ಕರೆಸೋಣವೆಂದರೆ ನಮ್ಮ ಟೆಂಡರಿಗೆ ಅವರು ಅರ್ಹರಲ್ಲ. ಕಳೆದ ಮೂರು ವರ್ಷದ ವಹಿವಾಟಿನ ದಾಖಲೆ ಲಗತ್ತಿಸಬೇಕಲ್ಲ.