ಶೇ. 60 ಕನ್ನಡ, ಶೇ. 40 ತಕರಾರು

ಬೆಳಗಾವಿಯ ಖಡೇ ಬಜಾರದ ಹಿಂದಿನ ಒಂದು ಗಲ್ಲಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್ಡಿಗೆ ಏಣಿ ಹಚ್ಚಿ ಒಬ್ಬ ಟೇಪು ಹಿಡಿದಿದ್ದ. ಕೆಳಗೆ ನಿಂತ ಸಾಹೇಬರು ಅಳತೆ ಬರೆದುಕೊಳ್ಳುತ್ತಿದ್ದರು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲಿನ ಭಾಗದಲ್ಲೇ ಇರಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತಲ್ಲ, ಅದರ ಜಾರಿ. ಉದ್ದ ಇಷ್ಟು, ಅಗಲ ಇಷ್ಟು, ಗುಣಿಸು, ಭಾಗಿಸು. ಬೋರ್ಡು ಪಾಸಾಯಿತು. ಪಾಸಾದ ಕನ್ನಡ ಹೀಗಿತ್ತು: 'ಇಲೆಕ್ಟ್ರಿಕಲ್ ಮೋಟಾರ್ ರಿವೈಂಡಿಂಗ್ ವರ್ಕ್ಸ್, ಆಲ್ ಟೈಪ್ಸ್ ಆಫ್ ಸಬ್‌ಮರ್ಸಿಬಲ್ ಪಂಪ್ ಸರ್ವಿಸ್.' ಅಕ್ಷರ ಮುತ್ತಿನಂತೆ ದುಂಡಗಿದ್ದವು, ಮೇಲೆ ಹಳದಿ ಕೆಂಪು ಬಣ್ಣ ಬೇರೆ.

ತಕರಾರು ಎದ್ದದ್ದು ಗಲ್ಲಾದ ಮೇಲೆ ಅಂಟಿಸಿದ್ದ ಒಂದು ರಟ್ಟಿನ ಚೂರಿನ ಬಗ್ಗೆ. ಅದರಲ್ಲಿ ಮರಾಠಿಯಲ್ಲಿ 'ಉಧಾರೀ ಬಂದ್ ಆಹೇ' ಎಂದು ಬರೆದಿತ್ತು.

"ಇದನ್ನ ಕನ್ನಡದಾಗ ಬರೀರಿ," ಅಂದರು ಸಾಹೇಬರು.

"ಏನಂತ ಬರೀಲ್ರಿ?"

"ಉದ್ರಿ ಬಂದ್ ಐತಿ ಅಂತ ಬರೀರಿ."

ಅಂಗಡಿಯವ ಸ್ಕೆಚ್ ಪೆನ್ನು ತಗೊಂಡು ಬರೆದ. ಭಾಷೆ ಉಳಿಯಿತು. ಉದ್ರಿ ಮೊದಲೂ ಬಂದ್ ಇತ್ತು, ಈಗಲೂ ಬಂದ್. ಬೋರ್ಡಿನಲ್ಲಿ ಉಳಿದ ಶೇ. 40ರ ಮಾತು ಇಲ್ಲಿ ಬೇಡ. ಆ ಅಂಕಿ ಕಿವಿಗೆ ಬಿದ್ದರೆ ನಮ್ಮ ರಾಜ್ಯದ ಗುತ್ತಿಗೆದಾರರು ಬೆಚ್ಚಿಬೀಳುತ್ತಾರೆ.

ಅಳೆಯುವುದೇ ಆದರೆ ಪೂರ್ತಿ ಅಳೆಯೋಣ ಎಂಬುದು ನನ್ನ ಅರ್ಜಿ. ಕರ್ನಾಟಕ ಮಹಾರಾಷ್ಟ್ರದ ಗಡಿ ವಿಷಯಕ್ಕೆ ಆಯೋಗವೇನೂ ಹೊಸದಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು: 264 ಹಳ್ಳಿ ಅತ್ತ ಹೋಗಲಿ, 247 ಹಳ್ಳಿ ಇತ್ತ ಬರಲಿ, ಬೆಳಗಾವಿ ಇದ್ದಲ್ಲೇ ಇರಲಿ. ಮಹಾರಾಷ್ಟ್ರ ಒಪ್ಪಲಿಲ್ಲ; 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆದರೆ ಆ ಆಯೋಗ ಎಣಿಸಿದ್ದು ಹಳ್ಳಿಗಳನ್ನು. ಆ ಹಳ್ಳಿಗಳ ಬಾಯಲ್ಲಿ ಇದ್ದದ್ದನ್ನು ಯಾರೂ ಎಣಿಸಲಿಲ್ಲ. ಆದ್ದರಿಂದ ಈಗ ಒಂದು ಪದ ವಾಪಸಾತಿ ಆಯೋಗ ಆಗಬೇಕು. ಯಾರು ಯಾರಿಂದ ಏನೇನು ಕಡ ತಂದಿದ್ದಾರೋ ಅದನ್ನು ಪಂಚರ ಸಮಕ್ಷಮ ತಿರುಗಿ ಕೊಡಬೇಕು. ಶುದ್ಧ ಭಾಷೆ ಬೇಕೆನ್ನುವವರು ಗಡಿಯ ಎರಡೂ ಕಡೆ ಇದ್ದಾರೆ, ಅವರ ಜೀವವೂ ತಣ್ಣಗಾಗಲಿ.

ಮಹಾರಾಷ್ಟ್ರದಿಂದಲೇ ಶುರು ಮಾಡೋಣ. ಅವರ ಅಡಕಿತ್ತಾ ನಮ್ಮ ಅಡಕತ್ತರಿ. ತೂಪ ಎನ್ನುವುದು ನಮ್ಮ ತುಪ್ಪ. ಎರಡೂ ಈ ಕಡೆ ಬಂದ ಮೇಲೆ ಪುಣೆಯವರು ಎಲೆ ಅಡಿಕೆಯನ್ನು ಹಲ್ಲಿನಿಂದ ಕಡಿದು, ಹೋಳಿ ಹುಣ್ಣಿವೆಗೆ ಪುರಣಪೋಳಿಯನ್ನು ಒಣಾ ಒಣಾ ತಿನ್ನಬೇಕಾಗುತ್ತದೆ. ಅಣ್ಣಾ, ಅಕ್ಕಾ ಎರಡೂ ನಮ್ಮವೇ. ಅಣ್ಣಾ ಹಜಾರೆಯವರು ಇನ್ನು ಬರೀ ಹಜಾರೆ.

ನಗಬೇಡಿ, ನಮ್ಮ ಪಾಳಿಯೂ ಇದೆ. ಲಗೂನ ವಾಪಸ್ ಹೋದರೆ ನಮಗೆ ನಷ್ಟವಿಲ್ಲ, ನಮ್ಮಲ್ಲಿ ಏನೂ ಲಗೂನ ಆಗುವುದಿಲ್ಲ. ಉಸಳಿ ಹೋದರೆ ಮುಂಜಾನೆಯ ನಾಷ್ಟಾಕ್ಕೆ ಕಷ್ಟ. ಖರೆ ಎಂಬ ಮಾತನ್ನು ತಿರುಗಿ ಕೊಟ್ಟರೆ ಪೇಟೆಯಲ್ಲಿ ವ್ಯವಹಾರ ನಿಲ್ಲಬಹುದು, ಸುವರ್ಣ ವಿಧಾನಸೌಧದ ಕಲಾಪಕ್ಕೆ ಮಾತ್ರ ಏನೂ ಅಡಚಣೆ ಆಗುವುದಿಲ್ಲ.

ಮುಂದೆ ಚೋರ್ಲಾ ಘಾಟು ಇಳಿದು ಗೋವಾ ದಾರಿಯಲ್ಲಿ ಪೋರ್ಚುಗೀಸರ ಬಾಕಿ. ಬಟಾಟಿ ಅವರದು, ಪಾವ್ ಅವರದು, ಮೇಸ್ತ್ರಿ ಅವರವನು, ಚಾವಿ ಅವರದು. ಚಾವಿ ಹೋದರೆ ಹೋಗಲಿ. 2012ರಲ್ಲಿ ಉದ್ಘಾಟನೆಯಾದ ನಮ್ಮ ಸೌಧಕ್ಕೆ ಚಳಿಗಾಲದ ಅಧಿವೇಶನ ಬಿಟ್ಟರೆ ಚಾವಿಯ ಕೆಲಸ ಅಷ್ಟಕ್ಕಷ್ಟೇ. ಆದರೆ ಪಗಾರವೂ ಪೋರ್ಚುಗೀಸರಿಂದಲೇ ಬಂದದ್ದು ಎಂದು ಗೊತ್ತಾದ ದಿನ ಸರಕಾರಿ ನೌಕರರು ಆಯೋಗದ ಕಚೇರಿ ಎದುರು ಧರಣಿ ಕೂಡುವುದು ಖಂಡಿತ.

ಇನ್ನು ವಿಜಯಪುರದ ಆದಿಲ್‌ಶಾಹಿಗಳ ಕಾಲದಿಂದ ನಮ್ಮ ದಫ್ತರದಲ್ಲಿ ಕೂತ ಪಾರ್ಸಿ, ಅರಬ್ಬಿ ಮಾತುಗಳು. ಸರಕಾರ, ಜಿಲ್ಲೆ, ತಾಲೂಕು, ಅರ್ಜಿ, ಮಂಜೂರು, ರದ್ದು, ವಕೀಲ, ತಕರಾರು. ಕಾನೂನಂತೂ ಗ್ರೀಕರ ಮನೆಯಿಂದ ಹೊರಟು ಅರಬ್ಬರ ಮನೆಯಲ್ಲಿ ಉಳಿದು ನಮ್ಮಲ್ಲಿಗೆ ಬಂದದ್ದು. ಇವನ್ನೆಲ್ಲ ಕಳಿಸಿದ ಮೇಲೆ ಕನ್ನಡ ಶುದ್ಧವಾಗುತ್ತದೆ, ಆದರೆ ಶುದ್ಧವಾಯಿತು ಎಂದು ಆದೇಶ ಹೊರಡಿಸಲು ತಹಶೀಲ್ದಾರನೇ ಇರುವುದಿಲ್ಲ. ಕನ್ನಡಪರವಾಗಿ ಕರೆಯುವ ಬಂದ್ ಕೂಡ ಪಾರ್ಸಿಯದೇ. ಆ ಕಡೆಯವರ ಪಾಡೂ ಭಿನ್ನವಲ್ಲ. ಮರಾಠಿಗಾಗಿ ನಮ್ಮೂರ ಬೀದಿಗಳಲ್ಲಿ ವರ್ಷಾನುಗಟ್ಟಲೆ ಕೂಗಿದ ಘೋಷಣೆ 'ರಹೇಂಗೇ ತೋ ಮಹಾರಾಷ್ಟ್ರ ಮೇಂ, ನಹೀಂ ತೋ ಜೇಲ್ ಮೇಂ.' ಅದು ಯಾವ ಭಾಷೆ ಎಂದು ಘೋಷಣೆ ಕೂಗುವವರನ್ನು ನಿಲ್ಲಿಸಿ ಕೇಳುವ ಧೈರ್ಯ ನನಗಿಲ್ಲ.

ಇದನ್ನು ಓದಿ, ಕನ್ನಡಕ್ಕಾಗಿ ದುಡಿದವರನ್ನೆಲ್ಲ ಇವ ಗೇಲಿ ಮಾಡಿದ ಎಂದುಕೊಳ್ಳಬೇಡಿ. ಮುಂಬೈ ಪ್ರಾಂತದ ಕಾಲದಲ್ಲಿ ಈ ಭಾಗದ ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದರು. ಅವರು ಮಕ್ಕಳ ಕೈಗೆ ಪಾಟಿ ಕೊಟ್ಟರು, ಟೇಪು ಹಿಡಿದು ಗಲ್ಲಿ ಸುತ್ತಲಿಲ್ಲ.

ಪದಗಳ ಲೆಕ್ಕ ಹೇಗೋ ಮುಗಿದೀತು. ಆಯೋಗ ಸಿಕ್ಕಿಹಾಕಿಕೊಳ್ಳುವುದು ವ್ಯಾಕರಣದಲ್ಲಿ. ಸಾಂಗಲಿ ಜಿಲ್ಲೆಯಲ್ಲಿ ಕುಪವಾಡ ಎಂಬ ಊರಿದೆ. ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಕುಪ್ವಾರ್ ಎಂದು ಅದು ಜಗತ್ತಿಗೆಲ್ಲ ಗೊತ್ತು, ನಮಗೊಬ್ಬರಿಗೇ ಗೊತ್ತಿಲ್ಲ. ಸುಮಾರು 3000 ಜನರ ಹಳ್ಳಿಯಾಗಿದ್ದಾಗ ಅಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬಿಬ್ಬರು ಜನರ ಮಾತು ಕೇಳಿಸಿಕೊಂಡು 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಊರಿನ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ ಆಡುವವರು, ಮುಸಲ್ಮಾನರು ಉರ್ದು, ದಲಿತರು ಮರಾಠಿ. ನೂರಾರು ವರ್ಷ ಒಂದೇ ಹೊಲ, ಒಂದೇ ಬಾವಿ, ಒಂದೇ ಸಂತೆ. ಕೊನೆಗೆ ಆದದ್ದೇನು? ತಪ್ಪಲ ಕೊಯ್ದುಕೊಂಡು ಬಂದೆ ಎಂಬ ಒಂದು ಸಾದಾ ಮಾತನ್ನು ಮೂರೂ ಭಾಷೆಯಲ್ಲಿ ಕೆಳಗೆ ಕೆಳಗೆ ಬರೆದು ತೋರಿಸಿದರು. ಪದ ಬೇರೆ, ಪ್ರತ್ಯಯ ಬೇರೆ. ಆದರೆ ಸಾಲಿನಲ್ಲಿ ಕೂತ ಕ್ರಮ ತುಂಡು ತುಂಡಿಗೂ ಒಂದೇ. ಒಂದು ಪದ ಕಿತ್ತು ಆ ಜಾಗದಲ್ಲಿ ಇನ್ನೊಂದು ಭಾಷೆಯದು ಇಟ್ಟರೆ ಮುಗಿಯಿತು, ಅನುವಾದ ಸಿದ್ಧ. ಗಲ್ಲಾದ ಮೇಲಿನ ರಟ್ಟಿಗೆ ನಮ್ಮ ಸಾಹೇಬರು ಮಾಡಿದ್ದೂ ಇಷ್ಟೇ.

ಆಯೋಗದ ಮುಂದೆ ಈ ಲೇಖನ ಬಂದರೆ ಯಾರು ಯಾರಿಗೆ ಬಾಕಿ ಎಂದು ಹೇಳುವುದು ಕಷ್ಟ. ಕಲ್ಲು, ಮರ, ಮನೆಗಳಿಗೆಲ್ಲ ಗಂಡು ಹೆಣ್ಣು ಹಂಚುವ ಉಪದ್ವ್ಯಾಪ ಮರಾಠಿಯಲ್ಲೂ ಉರ್ದುವಿನಲ್ಲೂ ಉಂಟು. ಅಲ್ಲಿನವರು ಅದನ್ನು ಬಿಟ್ಟು ಕನ್ನಡದ ಹಾಗೆ ಅರ್ಥ ನೋಡಿ ಲಿಂಗ ಹಚ್ಚತೊಡಗಿದರು. ಕನ್ನಡಕ್ಕೆ ಗೆಲುವು ಎಂದು ಪಟಾಕಿ ತರುವ ಮೊದಲು ಇನ್ನೊಂದು ಕೇಳಿ. 'ಇದು ನಿಮ್ಮ ಮನೆ' ಎಂದರೆ ನಮಗೆ ಸಾಕು. ಕೊನೆಗೆ ಕ್ರಿಯಾಪದ ಬೇಡ. ಕುಪವಾಡದ ಕನ್ನಡಿಗರು ಮರಾಠಿ, ಉರ್ದುಗಳ ಹಾಗೆ ಅಲ್ಲೊಂದು 'ಐತಿ' ಸೇರಿಸಿ ಮನೆಯನ್ನು ಭದ್ರ ಮಾಡಿಕೊಂಡರು. ಈ 'ಐತಿ'ಯ ಮೇಲೆ ಯಾವ ರಾಜ್ಯದ ಹಕ್ಕು? ಇದನ್ನು ತೀರ್ಮಾನಿಸಲು ಎಷ್ಟು ನ್ಯಾಯಮೂರ್ತಿಗಳ ಪೀಠ ಬೇಕು?

ಕುಪವಾಡದ ತನಕ ಯಾಕೆ ಹೋಗಬೇಕು. ಗಣಪತಿ ಗಲ್ಲಿಯಲ್ಲಿ ಕಾಯಿಪಲ್ಲೆ ಮಾರುವ ಬಾಯಿಯ ಮುಂದೆ ಚೀಲ ಹಿಡಿದು ನಿಲ್ಲಿ. ನಿಮಗೆ "ಏನ್ ಬೇಕ್ರಿ ಅಕ್ಕಾರ", ಹಿಂದಿನವರಿಗೆ "ಕಾಯ್ ಪಾಹಿಜೆ ತಾಯಿ", ಬುರ್ಖಾದ ಹೆಂಗಸಿಗೆ "ಕ್ಯಾ ಹೋನಾ ಅಮ್ಮಾ", ಮೂರೂ ಒಂದೇ ಉಸಿರಿನಲ್ಲಿ, ತಕ್ಕಡಿಯ ಮೇಲಿನ ಕಣ್ಣು ಕದಲಿಸದೆ. ನಡುವೆ, ನಿನ್ನೆ ದುಡ್ಡು ಕೊಡದೆ ಹೋದ ಗಿರಾಕಿಯ ಪುರಾಣ. ಅವ "ಬರ್ತೇನಿ ಅಂತ ಅಂದಾ". ಅದೇ ಮರಾಠಿಯಲ್ಲಿ "ಯೇತೋ ಮ್ಹಣೂನ ಮ್ಹಣಾಲಾ". ಅದೇ ದಖ್ಖನಿಯಲ್ಲಿ, ಅಂದರೆ ಈ ಕಡೆಯ ಉರ್ದುವಿನಲ್ಲಿ, "ಆತುಂ ಬೋಲ್ಕೆ ಬೋಲ್ಯಾ". ಆಡಿದ ಮಾತಿನ ಬಾಲಕ್ಕೆ ಇನ್ನೊಮ್ಮೆ 'ಅಂತ' ಗಂಟು ಹಾಕುವುದು ದ್ರಾವಿಡ ಭಾಷೆಗಳ ಹಳೆಯ ಚಾಳಿ. ಲಖನೌದ ಉರ್ದು ಪಂಡಿತರು ಆ 'ಬೋಲ್ಕೆ' ಕೇಳಿ ಕಿವಿ ಮುಚ್ಚಿಕೊಳ್ಳಬಹುದು, ನಮ್ಮೂರಲ್ಲಿ ಅದಿಲ್ಲದೆ ಯಾರೂ ಯಾರ ಮೇಲೂ ಚಾಡಿ ಹೇಳಲಾರರು. ಭಾರತವೆಲ್ಲ ಕೂಡಿ ಒಂದು ಭಾಷಾ ಪ್ರದೇಶ, ಇಲ್ಲಿ ಬೇರೆ ಬೇರೆ ಕುಲದ ಭಾಷೆಗಳೂ ಒಂದರ ಗುಣ ಒಂದಕ್ಕೆ ಅಂಟಿಸಿಕೊಂಡಿವೆ ಎಂದು 1956ರಲ್ಲೇ ಬರೆದವರು ಭಾಷಾವಿಜ್ಞಾನಿ ಎಂ. ಬಿ. ಎಮೆನೋ, ನಮ್ಮ ಕೊಡವ ಭಾಷೆಯ ಮೇಲೂ ಕೆಲಸ ಮಾಡಿದವರು. ಭಾಷೆ ನೋಡಿ ರಾಜ್ಯಗಳ ಗೆರೆ ಎಳೆದದ್ದೂ ಅದೇ 1956ರಲ್ಲಿ. ಎರಡೂ ಸುದ್ದಿ ಪರಸ್ಪರ ಭೆಟ್ಟಿಯಾಗಲೇ ಇಲ್ಲ.

ಹಾಗಾದರೆ ಇಷ್ಟು ಬೆರೆತ ಭಾಷೆಗಳು ಯಾಕೆ ಪೂರ್ತಿ ಒಂದಾಗಿಬಿಡಲಿಲ್ಲ? ಗಂಪರ್ಜ್ ಮತ್ತು ವಿಲ್ಸನ್ ಕೊಟ್ಟ ಉತ್ತರ ನಮ್ಮ ಜಗಳಕ್ಕೆ ಹೇಳಿ ಮಾಡಿಸಿದಂತಿದೆ. ಹೊಲ, ಸಂತೆಗಳಲ್ಲಿ ಜನ ಬೆರೆತರು. ಮನೆಯ ಹೊಸ್ತಿಲ ಒಳಗೆ ನಾವು ಇಂಥವರು ಎಂದು ತೋರಿಸಿಕೊಳ್ಳುವುದು ಬೇಕಾಗಿತ್ತು. ಅದಕ್ಕೆ ಪದಗಳನ್ನು ಮಾತ್ರ ಬೇರೆ ಇಟ್ಟುಕೊಂಡರು, ಉಳಿದದ್ದೆಲ್ಲ ಒಂದಾಗಲು ಬಿಟ್ಟರು. ಅಂದರೆ ನಾವು ಮಸಿ ಬಳಿಯುವುದು, ಟೇಪು ಹಿಡಿಯುವುದು, ಕಲ್ಲು ಎಸೆಯುವುದು ಎಲ್ಲ ಆ ತೆಳು ಮೇಲ್ಪದರಕ್ಕೆ. ಕನ್ನಡ ಮರಾಠಿ ದೂರ ಇದ್ದವು ಅಂತ ಬೆಳಗಾವಿಯಲ್ಲಿ ಜಗಳವಲ್ಲ. ಬೋರ್ಡು ತೆಗೆದರೆ ಯಾರು ಯಾರೆಂದು ಗುರುತು ಹತ್ತುವುದಿಲ್ಲ ಅಂತ ಜಗಳ. ತಮಿಳಿನವನಿಗೂ ಪಂಜಾಬಿಯವನಿಗೂ ಬೋರ್ಡಿನ ಗೊಡವೆ ಬೇಡ, ಬಾಯಿ ಬಿಟ್ಟರೆ ಸಾಕು.

ಹಳೆಯ ದಾಖಲೆ ತೆಗೆದರೆ ಹುಚ್ಚು ಇನ್ನೂ ಏರುತ್ತದೆ. ಮರಾಠಿಯ ಅತಿ ಹಳೆಯ ಸಾಲುಗಳಲ್ಲಿ ಒಂದೆಂದು ಪುಸ್ತಕಗಳು ಹೇಳುತ್ತ ಬಂದ ಬರಹ ಇರುವುದು ಹಾಸನ ಜಿಲ್ಲೆಯಲ್ಲಿ, ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ. ಚಾವುಂಡರಾಯ ಮಾಡಿಸಿದ ಎಂದು. ಅಲ್ಲೇ ಅದೇ ಮಾತು ಕನ್ನಡದಲ್ಲೂ ತಮಿಳಿನಲ್ಲೂ ಇದೆ. ಶೇಕಡಾವಾರು ಅಳೆಯಲು ಆಗ ಯಾರೂ ಇರಲಿಲ್ಲ, ಗೊಮ್ಮಟನ ಅದೃಷ್ಟ. ಇತ್ತ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯ ತನಕ ಎಂದು ಕವಿರಾಜಮಾರ್ಗ ಬರೆದಿಟ್ಟಿದೆ. ಎರಡನ್ನೂ ಕೋರ್ಟಿಗೆ ಹಾಕಿದರೆ ಅವರಿಗೆ ಹಾಸನ ಬರಬೇಕು, ನಮಗೆ ನಾಸಿಕ. ನಡುವೆ ಮಹಾರಾಷ್ಟ್ರದ ಜತ್ ತಾಲೂಕಿನ ಹಳ್ಳಿಗಳ ಕಥೆ ಬೇರೆ: ಅವು ಕರ್ನಾಟಕ ಸೇರುತ್ತೇವೆ ಎಂದು ಮಾತು ಎತ್ತಿದ್ದು ಕುಡಿಯುವ ನೀರಿಗಾಗಿ. ಭಾಷೆಯ ಹೋರಾಟಗಾರರು ಎರಡೂ ಕಡೆಯಿಂದ ಈ ಬೇಡಿಕೆಯ ಮುಂದೆ ಸ್ವಲ್ಪ ಇರುಸುಮುರುಸಾದರು. ನೀರಿಗೆ ಘೋಷಣೆ ಹೊಂದಿಸುವುದು ಕಷ್ಟ.

ಸುಪ್ರೀಂ ಕೋರ್ಟಿನಲ್ಲಿ ಈ ಕನ್ನಡ ಮರಾಠಿ ವ್ಯಾಜ್ಯದ ವಾದ ನಡೆಯಬೇಕಾದದ್ದು ಇಂಗ್ಲಿಷಿನಲ್ಲಿ. ಅಲ್ಲಿ ಎರಡೂ ಪಕ್ಷದವರು ಒಂದೇ ವ್ಯಾಕರಣ ಬಳಸುವುದಕ್ಕೆ ಯಾರದೂ ಆಕ್ಷೇಪವಿಲ್ಲ.

ಕಡೆಗೆ ನನ್ನ ಆಯೋಗದ ವ್ಯವಸ್ಥೆ. ಮೊದಲ ಸಭೆ ಗಡಿಯ ಮೇಲೇ ಆಗಬೇಕು, ಕೊಗನೊಳ್ಳಿಗೂ ಕಾಗಲಕ್ಕೂ ನಡುವೆ. ಸದಸ್ಯರು ಕಾರಿನಲ್ಲಿ ಬರಕೂಡದು, ಜನರ ಹಾಗೆ ಸರಕಾರಿ ಬಸ್ಸಿನಲ್ಲೇ ಬರಬೇಕು. ಯಾವನೋ ಒಂದು ಬಸ್ಸಿಗೆ ಮಸಿ ಬಳಿದಿರುತ್ತಾನೆ, ಆದ್ದರಿಂದ ನಮ್ಮ ಬಸ್ಸು ಕೊಗನೊಳ್ಳಿಯಲ್ಲಿ ನಿಲ್ಲುತ್ತದೆ, ಅವರದು ಕಾಗಲದಲ್ಲಿ. ಫೈಲು, ನಿಘಂಟು, ಶಾಸನದ ಪಡಿಯಚ್ಚು ಎಲ್ಲ ಹೊತ್ತುಕೊಂಡು ಸದಸ್ಯರು ಇಳಿಯಬೇಕು. ಮಗಳ ಬಾಣಂತನಕ್ಕೆ ಗಂಟು ಕಟ್ಟಿಕೊಂಡು ಹೊರಟ ನಿಪ್ಪಾಣಿಯ ಮುದುಕಿಯ ಜೊತೆ ಟಂಟಂ ಹಿಡಿಯಬೇಕು. ಟಂಟಮ್ಮಿನವ ಕನ್ನಡದಲ್ಲಿ, ಮರಾಠಿಯಲ್ಲಿ, ದಖ್ಖನಿಯಲ್ಲಿ ಯಾವುದರಲ್ಲಿ ಕೇಳಿದರೂ ಆ ದಿನ ಒಂದೇ ರೇಟು ಹೇಳುತ್ತಾನೆ, ಡಬಲ್.