ಕಾರಿನಡಿ ಹೋದ ದುಡ್ಡು

ಖರ್ಚಿನಲ್ಲಿ ಎರಡು ಜಾತಿ: ಕಾಣುವ ಖರ್ಚು, ಕಾಣದ ಖರ್ಚು. ಹೊಸ ಸೋಫಾ ತಂದರೆ ಮನೆಗೆ ಬಂದವರೆಲ್ಲ ಕೂತು ನೋಡಿ ಹೊಗಳುತ್ತಾರೆ. ಅಷ್ಟೇ ದುಡ್ಡನ್ನು ಹಳೇ ಕಾರಿನ ಸಸ್ಪೆನ್ಷನ್‌ಗೆ ಸುರಿದರೆ, ಅದನ್ನು ತೋರಿಸಲು ಬಂದವರನ್ನು ಚಾಪೆ ಹಾಸಿ ಕಾರಿನಡಿ ಮಲಗಿಸಬೇಕು. ಮಲಗುವವರು ಕಮ್ಮಿ.

ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ. ರೌಂಡಬೌಟುಗಳಿಗೇ ಹೆಸರಾದ ಊರು. ಹಾಲು ತರಲು ಹೊರಟರೂ ದೇವಸ್ಥಾನಕ್ಕೆ ಬಂದವರ ಹಾಗೆ ನಾಲ್ಕಾರು ಪ್ರದಕ್ಷಿಣೆ ಹಾಕಲೇಬೇಕು. ಇಂಥ ಊರಿಗೆ ಹೇಳಿ ಮಾಡಿಸಿದ ಕಾರು ನನ್ನ ಹತ್ತಿರ ಇದೆ: 1994ರ ಮಜ್ದಾ ಎಂಎಕ್ಸ್-5. ಜಪಾನಿನಲ್ಲಿ ಯುನೋಸ್ ರೋಡ್‌ಸ್ಟರ್ ಅಂತ ಮಾರಾಟವಾಗಿ, ಆಮೇಲೆ ಹಡಗು ಹತ್ತಿ ಇಲ್ಲಿಗೆ ಬಂದದ್ದು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಒಂದು ಟನ್ನಿನ ಆಸುಪಾಸು ತೂಕ, ನಾಲ್ಕೂ ಚಕ್ರಕ್ಕೆ ಮೇಲೊಂದು ಕೆಳಗೊಂದು ಕವಲುತೋಳು, ಅಂದರೆ ಡಬಲ್ ವಿಶ್‌ಬೋನ್. ತಿರುವಿನಲ್ಲಿ ಇದರ ನಡಿಗೆ ನೋಡಿಯೇ ಜನ ಮರುಳಾಗಿದ್ದು.

ಆದರೆ ಮೂವತ್ತು ವರ್ಷ ದಾಟಿದ ಮೇಲೆ ನಡಿಗೆ ಎಲ್ಲಿ ಬಂತು? ಹಂಪಿನ ಮೇಲೆ ‘ಡಬ್’. ತಿರುವಿನಲ್ಲಿ ‘ಕಿರ್ರ್’. ಗುಂಡಿಗೆ ಇಳಿದು ಎದ್ದರೆ, ಯಾರು ಏನು ಹೇಳಿದರೂ ಹೂಂ ಅನ್ನುವವರ ಹಾಗೆ ಕಾರು ತಲೆಯಾಡಿಸುತ್ತಲೇ ಇತ್ತು.

ಈ ತಲೆಯಾಟಕ್ಕೆ ಶಾಕ್ ಅಬ್ಸಾರ್ಬರ್ ಕಾರಣ. ಕಾರಿನ ಭಾರ ಹೊರುವುದು ಸ್ಪ್ರಿಂಗು. ಅದು ಒಮ್ಮೆ ಕುಣಿಯಲು ಶುರು ಮಾಡಿದರೆ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಒಳಗಿರುವ ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಸುಳಬೇಕು, ಆ ತಡೆಯಿಂದಲೇ ಕುಣಿತ ನಿಲ್ಲುತ್ತದೆ. ನನ್ನ ಕಾರಿನಲ್ಲಿ ಆ ಎಣ್ಣೆ ಹೊರಗಡೆ ಒಸರಿ, ಧೂಳು ಮೆತ್ತಿ, ಕರ್ರಗೆ ಗಟ್ಟಿಯಾಗಿತ್ತು. ‘ಡಬ್’ ಮತ್ತು ‘ಕಿರ್ರ್’ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳ ಕೊಡುಗೆ.

ಊರಿಗೆ ಫೋನ್ ಮಾಡಿದಾಗ ಅಪ್ಪ ಎಲ್ಲ ಕೇಳಿಸಿಕೊಂಡು, “ನಮ್ಮ ಅಂಬಾಸಡರ್‌ಗೂ ಬುಷ್ ಹಾಕಿಸ್ತಿದ್ವಲ್ಲೋ, ಇಷ್ಟು ಸಂಭ್ರಮ ಇರ್ಲಿಲ್ಲ” ಅಂದರು. ಆಗುಂಬೆಯ 14 ತಿರುವುಗಳನ್ನು ಅಂಬಾಸಡರಿನಲ್ಲಿ ಹತ್ತಿ ಇಳಿದವರು. ಅವರ ಮುಂದೆ ರೌಂಡಬೌಟಿನ ಕಷ್ಟ ಹೇಳುವ ಹಾಗಿಲ್ಲ.

ಇಲ್ಲಿ ನನಗೊಬ್ಬ ತೀರ್ಥಹಳ್ಳಿ ಕಡೆಯ ಗೆಳೆಯ ಇದ್ದಾನೆ. ಅವನದೂ ಇದೇ ಕಾರು. “ಮಾರಾಯ, ಕಾಯಿಲೋವರ್ ಹಾಕ್ಸು. 40 ಮಿಲಿಮೀಟರ್ ಕೆಳಗಿಳ್ಸು. ಹೆಂಗೆ ಕಾಣ್ತದೆ ನೋಡು” ಅಂದ. ಕಾಯಿಲೋವರ್ ಅಂದರೆ ಎತ್ತರ ಹೆಚ್ಚು ಕಮ್ಮಿ ಮಾಡಬಹುದಾದ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಜೋಡಿ. ಅವನ ಕಾರು ನಿಂತಿದ್ದಾಗ ನಿಜಕ್ಕೂ ಚೆಂದ. ಓಡುವಾಗ ಮಾತ್ರ ತಾಪತ್ರಯ. ಇಲ್ಲಿಯ ನಿಯಮದಲ್ಲಿ ಹಂಪು 100 ಮಿಲಿಮೀಟರ್ ಎತ್ತರದವರೆಗೂ ಇರಬಹುದು. ಕಾರು ಮೊದಲೇ ನೆಲಕ್ಕೆ ಅಂಟಿಕೊಂಡ ಜಾತಿ. ಹಂಪು ಕಂಡರೆ ಅವನು ಕಾರನ್ನು ಓರೆಗೆ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ, ಹಲ್ಲು ಕಚ್ಚಿ ಇಳಿಸುತ್ತಾನೆ. ಹಿಂದೆ ಬಸ್ಸಿನವನು ಇಂಗ್ಲಿಷರ ಸಭ್ಯತೆ ಮರೆಯಲು ತಯಾರಾಗಿರುತ್ತಾನೆ. ಯುಗಾದಿಗೆ ಅವನ ಹೆಂಡತಿ ನಮಗೆಂದು ಪಾಯಸ ಕೊಟ್ಟು ಕಳಿಸಿದ್ದರು. ಡಬ್ಬಿ ತೆರೆದರೆ ತಳದಲ್ಲಿ ಶ್ಯಾವಿಗೆ, ಎರಡು ಗೋಡಂಬಿ. ಉಳಿದದ್ದೆಲ್ಲ ಡಿಕ್ಕಿಯ ಕಾರ್ಪೆಟ್ ಕುಡಿದಿತ್ತು.

ಕಾರನ್ನು ಇಳಿಸಿದರೆ ಚಕ್ರ ಮೇಲೆದ್ದು ತಗ್ಗಲು ಇರುವ ಜಾಗ ಕಡಿಮೆಯಾಗುತ್ತದೆ. ಈ ಕಾರಿನಲ್ಲಿ ಅದು ಮೊದಲೇ ಸ್ವಲ್ಪ. ಜಾಗ ಮುಗಿದ ತಕ್ಷಣ ಬಂಪ್ ಸ್ಟಾಪ್ ಅನ್ನುವ ಫೋಮಿನ ತುಂಡಿಗೆ ಬಡಿಯುತ್ತದೆ, ಆಮೇಲಿನದ್ದು ನಮ್ಮ ಬೆನ್ನುಮೂಳೆಗೆ. ಬಿಗಿ ಸ್ಪ್ರಿಂಗು ರೇಸ್ ಟ್ರ್ಯಾಕಿಗೆ ಸರಿ, ಅಲ್ಲಿ ರಸ್ತೆ ನುಣ್ಣಗಿರುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಡಾಂಬರು ಸೀಳುವ ಊರಿನಲ್ಲಿ ಚಕ್ರ ನೆಲ ಬಿಡದಿದ್ದರೆ ಸಾಕು. ಹಾಗಾಗಿ ಮೂಲ ಎತ್ತರದ ಸ್ಪ್ರಿಂಗು, ಒಳ್ಳೇ ಶಾಕ್ ಅಬ್ಸಾರ್ಬರು, ಎಲ್ಲ ಬುಷ್ ಹೊಸದು ಅಂತ ತೀರ್ಮಾನ ಮಾಡಿದೆ. ಬುಷ್ ಕೂಡ ರಬ್ಬರಿನದೇ. ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು ಹಾಕಿಸಿ, ಗ್ರೀಸ್ ಒಣಗಿದ ಮೇಲೆ ಹಳೇ ಮಂಚದ ಹಾಗೆ ಕೀರಲು ಸದ್ದು ಕೇಳುತ್ತಾ ಓಡಾಡುವವರನ್ನು ನೋಡಿದ್ದೇನೆ.

ಗ್ಯಾರೇಜಿನವನು ಒಂದು ಮೊತ್ತ ಹೇಳಿದ. ಕೊನೆಗೆ, “ಬೋಲ್ಟು ಬಂದರೆ” ಅಂತ ಸಣ್ಣದಾಗಿ ಸೇರಿಸಿದ.

ಬರಲಿಲ್ಲ. ಕೆಳಗಿನ ವಿಶ್‌ಬೋನಿನ ಒಳತುದಿಯಲ್ಲಿ ಉದ್ದನೆಯ ಬೋಲ್ಟುಗಳಿವೆ. ಚಕ್ರದ ಕೋನ ಹೊಂದಿಸುವುದು ಇವುಗಳಿಂದಲೇ. ಬೋಲ್ಟು ಬುಷ್‌ನ ಒಳಗಿರುವ ಉಕ್ಕಿನ ಕೊಳವೆಯಲ್ಲಿ ಹಾಯ್ದು ಹೋಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರಲ್ಲ, ಆ ಉಪ್ಪುನೀರು ಒಳಗೆ ಇಳಿದು, ಬೋಲ್ಟೂ ಕೊಳವೆಯೂ ತುಕ್ಕು ಹಿಡಿದು ಒಂದಾಗಿಬಿಡುತ್ತವೆ. ನಟ್ಟು ಸಲೀಸಾಗಿ ಬಿಚ್ಚಿತು. ಬೋಲ್ಟು ತಿರುಗಿಸಿದರೆ ರಬ್ಬರು ತಿರುಚಿಕೊಂಡಿತು, ಕೈ ಬಿಟ್ಟರೆ ವಾಪಸ್ಸು. ಎಣ್ಣೆ ಹೊಡೆದರು. ಸುತ್ತಿಗೆಯಲ್ಲಿ ಬಡಿದರು. ಬೆಂಕಿ ತೋರಿಸಿದರು, ರಬ್ಬರು ಹೊತ್ತಿ ಗ್ಯಾರೇಜೆಲ್ಲ ಕಮಟು ಹೊಗೆ. ಕೊನೆಗೆ ಬ್ರಾಕೆಟ್ಟಿಗೂ ಬುಷ್‌ಗೂ ನಡುವಿನ ಸಂದಿಯಲ್ಲಿ ಗರಗಸ ತೂರಿಸಿ ಕುಯ್ದರು. ತುಂಡಾದ ಬೋಲ್ಟನ್ನು ಮೆಕ್ಯಾನಿಕ್ ನನ್ನ ಕೈಗೆ ಕೊಟ್ಟ. ಇನ್ನೂ ಬಿಸಿ ಇತ್ತು. ಬಿಲ್ಲು ನೋಡಿದ ಮೇಲೆ ಅದು ತಣ್ಣಗಿದೆ ಅನ್ನಿಸಿತು.

ಹೊಸ ಬುಷ್ ಹಾಕಿದ ಮೇಲೂ ಒಂದು ಸೂಕ್ಷ್ಮ ಇದೆ. ಕಾರು ಗಾಳಿಯಲ್ಲಿ, ಚಕ್ರ ಜೋತಾಡುತ್ತಿರುವಾಗ ಬೋಲ್ಟು ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕೆಳಗಿಳಿಸಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇದ್ದು, ಬೇಗ ಹರಿದುಹೋಗುತ್ತದೆ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ. ಈ ಮೆಕ್ಯಾನಿಕ್‌ಗೆ ಇದು ಗೊತ್ತಿತ್ತು. ಅವನ ಬಿಲ್ಲನ್ನು ಅರ್ಧ ಕ್ಷಮಿಸಿದೆ.

ಕೊನೆಗೆ ವೀಲ್ ಅಲೈನ್‌ಮೆಂಟು. ಇಷ್ಟು ಹಗುರ ಕಾರಿನಲ್ಲಿ ಓಡಿಸುವವನೂ ಲೆಕ್ಕಕ್ಕೆ ಬರುತ್ತಾನೆ. ಅವನ ತೂಕದಷ್ಟು ಭಾರ ಸೀಟಿನಲ್ಲಿಟ್ಟು ಕೋನ ಹೊಂದಿಸುವುದು ಒಳ್ಳೇದು.

“ನಿಮ್ಮ ತೂಕ ಎಷ್ಟು?”

“72 ಕೆಜಿ.”

“ರೀ, 81” ಅಂದಳು ಹೆಂಡತಿ, ಫೋನಿನಿಂದ ತಲೆ ಎತ್ತದೆ.

ಮೆಕ್ಯಾನಿಕ್ ಏನೂ ಮಾತಾಡದೆ ಮರಳಿನ ಚೀಲಗಳ ಮೇಲೆ ಇನ್ನೊಂದು ಸಣ್ಣ ಚೀಲ ಇಟ್ಟ.

ಕಾರು ಈಗ ಹಂಪು ಹತ್ತಿ ಇಳಿದು ಒಂದೇ ಸಲಕ್ಕೆ ಸುಮ್ಮನಾಗುತ್ತದೆ. ರೌಂಡಬೌಟಿನಲ್ಲಿ ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗುತ್ತದೆ, ಸ್ವಂತ ಅಭಿಪ್ರಾಯ ಸೇರಿಸುವುದಿಲ್ಲ. ಗೆಳೆಯ ಬಂದು ಸುತ್ತಲೂ ನೋಡಿ, “ಏನ್ ಮಾಡ್ಸಿದೀಯ ಮಾರಾಯ? ಹಂಗೇ ಇದೆಯಲ್ಲ!” ಅಂದ. ಅವನಿಗಾಗಿ ಚಾಪೆ ತೆಗೆದಿಟ್ಟಿದ್ದೆ, ಮಲಗಲು ಒಪ್ಪಲಿಲ್ಲ.

ಹೆಂಡತಿ ಮಾತ್ರ ಒಂದು ರೌಂಡು ಬಂದಳು. ಕಾಫಿ ಚೆಲ್ಲಲಿಲ್ಲ. ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕಿವಿಗೊಟ್ಟು, “ರೀ, ಟಾಪಿನ ಹತ್ರ ಏನೋ ಟಕ್ ಟಕ್ ಅಂತಿದೆ ಅಲ್ವಾ? ಮೊದ್ಲು ಕೇಳಿಸ್ತಿರ್ಲಿಲ್ಲ” ಅಂದಳು.

ಮೊದಲು ಆ ‘ಡಬ್’ಗಳ ನಡುವೆ ಟಕ್ ಟಕ್ ಎಲ್ಲಿ ಕೇಳಿಸಬೇಕು? ಟಾಪಿನ ಪಾರ್ಟ್ಸೂ ಸಿಗುತ್ತವೆ ಅಂತ ಹೇಳಲು ಬಾಯಿ ತೆರೆದೆ.

“ಸದ್ದು ಇದೆ ಅಂದೆ ಅಷ್ಟೇ” ಅಂದಳು. “ಸರಿ ಮಾಡ್ಸಿ ಅಂತ ನಾನು ಹೇಳಿಲ್ಲ.”